ಅಕ್ಕನ ಚಪ್ಪಲಿ ಜಾರಿದ್ದು ಯಾಕೆ

2018ರ ಬೇಸಿಗೆ. ಶಿಡ್ಲಘಟ್ಟದ ಹತ್ತಿರದ ನಮ್ಮೂರಿನಲ್ಲಿ ದೊಡ್ಡಮ್ಮನ ಮನೆಯ ರೇಷ್ಮೆ ಹುಳ ನಾಲ್ಕನೇ ಜ್ವರ ಎದ್ದಿದ್ದವು, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟಿದ್ದವು. ಜ್ವರ ಎದ್ದ ಹುಳಕ್ಕೆ ಎಷ್ಟು ಹಾಕಿದರೂ ಸಾಲದು, ಮನೆಮಂದಿಯೆಲ್ಲ ಸೊಪ್ಪಿಗೆ ನಿಲ್ಲಬೇಕು. ದೊಡ್ಡಮ್ಮನ ಮಗಳು, ನನಗಿಂತ ಆರು ವರ್ಷಕ್ಕೆ ದೊಡ್ಡವಳು, ಹಿಪ್ಪುನೇರಳೆ ಸೊಪ್ಪಿನ ಹೊರೆ ತಲೆಮೇಲಿಟ್ಟುಕೊಂಡು ಬದುವಿನ ಮೇಲೆ ಬರುತ್ತಿದ್ದಳು. ಹಿಂದೆ ನಾನು. ಅವಳ ಬಲಗಾಲಿನ ಹವಾಯಿ ಚಪ್ಪಲಿ ಕಳಚಿ ಬದುವಿನ ಮೇಲೇ ಉಳಿಯಿತು. ನಿಂತಳು, ಕಾಲಲ್ಲೇ ತಡಕಿ ಹಾಕಿಕೊಂಡಳು. ಹತ್ತು ಹೆಜ್ಜೆಗೆ ಮತ್ತೆ ಕಳಚಿತು. ಮೂರನೇ ಸಲ ನಾನೇ ಎತ್ತಿಕೊಂಡು ಬಂದೆ.

"ಬಾರು ಸಡಿಲ ಆಗಿದೆಯಾ ಅಕ್ಕ?"

"ಇಲ್ಲ ಕಣೇ, ಹೊಸದು. ಜಾರ್ತಾ ಇರೋದು ಗೊತ್ತಾಗುತ್ತೆ. ಹಿಡ್ಕೊಳ್ಳೋಕೆ ಬೆರಳು ಮಾತು ಕೇಳಲ್ಲ."

ಅವಳ ಕಾಯಿಲೆಯ ಅರ್ಧ ವಿವರ ಆ ಒಂದು ಮಾತಿನಲ್ಲೇ ಇತ್ತು. ಅದು ನನಗೆ ಅರ್ಥವಾಗಲು ಐದು ವರ್ಷ ಹಿಡಿಯಿತು.

ಈಗ ನಾನು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಬಯೋಇನ್ಫರ್ಮ್ಯಾಟಿಕ್ಸ್ ಕೆಲಸದಲ್ಲಿದ್ದೇನೆ. ಊರಲ್ಲಿ ಯಾರಾದರೂ ಏನು ಕೆಲಸ ಎಂದು ಕೇಳಿದರೆ, ರಕ್ತದಲ್ಲಿರುವ ಡಿಎನ್‌ಎಯನ್ನು ಯಂತ್ರ ಅಕ್ಷರ ಅಕ್ಷರವಾಗಿ ಓದಿ ಕೊಡುತ್ತದೆ, ಆ ಅಕ್ಷರಗಳಲ್ಲಿ ಕಾಯಿಲೆ ತರುವ ತಪ್ಪು ಎಲ್ಲಿದೆ ಎಂದು ಕಂಪ್ಯೂಟರಿನಲ್ಲಿ ಹುಡುಕುತ್ತೇನೆ ಎನ್ನುತ್ತೇನೆ. "ಹಂಗಾದ್ರೆ ಡಾಕ್ಟರಾ?" ಎನ್ನುತ್ತಾರೆ. ಅಲ್ಲ. ರೋಗಿಯನ್ನು ಮುಟ್ಟಿ ನೋಡುವ ಕೆಲಸ ನನ್ನದಲ್ಲ. ಆ ಕೊರತೆಯೇ ಮುಂದೆ ನನ್ನನ್ನು ದಾರಿ ತಪ್ಪಿಸಿತು.

ಈ ಕಡೆ ಮನಸ್ಸು ತಿರುಗಿದ್ದು ಯಾವ ಪುಸ್ತಕದಿಂದಲೂ ಅಲ್ಲ, ಹುಳದ ಮನೆಯಿಂದ. ಆರನೇ ಕ್ಲಾಸಿನಲ್ಲಿದ್ದಾಗ ಅಪ್ಪನನ್ನು ಕೇಳಿದ್ದೆ: ನಮ್ಮ ಗೂಡಿನಿಂದಲೇ ಚಿಟ್ಟೆ ಬಿಡಿಸಿ ಮೊಟ್ಟೆ ಹಾಕಿಸಿಕೊಂಡರೆ ದುಡ್ಡು ಉಳಿಯುತ್ತಲ್ಲಪ್ಪ, ಪ್ರತಿ ಬೆಳೆಗೂ ಯಾಕೆ ಕೊಂಡು ತರೋದು? ಅಪ್ಪ ಎರಡು ಕಾರಣ ಹೇಳಿದರು. ಒಂದು, ನಾವು ಸಾಕೋದು ಮಿಶ್ರತಳಿ, ಮೈಸೂರು ತಳಿಯ ತಾಯಿಗೂ ದ್ವಿತಳಿಯ ತಂದೆಗೂ ಹುಟ್ಟಿದ್ದು. ಈ ಹುಳ ಎಲ್ಲ ಒಂದೇ ಥರ ಬರುತ್ತವೆ, ಇವುಗಳ ಮಕ್ಕಳು ಮಾತ್ರ ಒಂದು ಅಜ್ಜಿಯ ಹಾಗೆ, ಇನ್ನೊಂದು ತಾತನ ಹಾಗೆ. ಎರಡು, ಗಂಟು ರೋಗ. "ತಾಯಿಗಿದ್ರೆ ಮೊಟ್ಟೆಗೆ ಬಂದೇ ಬರುತ್ತೆ. ಒಂದು ಬೆಳೆ ಪೂರ್ತಿ ಹೋಗುತ್ತೆ."

ಮುಂದಿನ ಸಲ ಹುಳದ ಮೊಟ್ಟೆ ತಯಾರಿಸಿ ಮಾರುವ ಬಿತ್ತನೆ ಕೋಠಿಗೆ ಹೋದಾಗ ನನ್ನನ್ನೂ ಕರೆದುಕೊಂಡು ಹೋದರು. ಅಲ್ಲಿ ಒಬ್ಬ ಅಮ್ಮ ಮೊಟ್ಟೆ ಇಟ್ಟು ಮುಗಿಸಿದ ತಾಯಿ ಚಿಟ್ಟೆಯನ್ನು ಪುಟ್ಟ ಒರಳಿನಲ್ಲಿ ಅರೆದು, ಅದರ ಒಂದು ಹನಿಯನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ನನಗೂ ತೋರಿಸಿದರು. ಅಕ್ಕಿ ನುಚ್ಚಿನ ಹಾಗೆ ಹೊಳೆಯುವ ಕಣಗಳು ಕಂಡರೆ ಆ ತಾಯಿಯ ಮೊಟ್ಟೆಯನ್ನೆಲ್ಲ ಸುಟ್ಟುಬಿಡುತ್ತಾರಂತೆ. ಫ್ರಾನ್ಸಿನ ರೇಷ್ಮೆ ನೆಲಕಚ್ಚಿದಾಗ 1865ರಿಂದ ಐದು ವರ್ಷ ಕೂತು ಈ ಉಪಾಯ ಕಂಡುಕೊಂಡವರು ಲೂಯಿ ಪಾಶ್ಚರ್ ಎಂದು ಎಷ್ಟೋ ಕಾಲದ ಮೇಲೆ ಓದಿದೆ. ಅಪ್ಪ ಹೇಳಿದ ಎರಡು ಕಾರಣಗಳು ಒಂದೇ ಅಲ್ಲ ಅನ್ನುವುದು ಹೊಳೆದದ್ದೂ ಆಗಲೇ. ತಳಿಯ ಗುಣ ವಂಶವಾಹಿಯಲ್ಲಿ ಬರುತ್ತದೆ. ಬಟಾಣಿ ಗಿಡದಲ್ಲಿ ಮೆಂಡೆಲ್ ಕಂಡ ಲೆಕ್ಕ ರೇಷ್ಮೆ ಹುಳಕ್ಕೂ ಸಲ್ಲುತ್ತದೆ ಎಂದು ಜಪಾನಿನ ತೊಯಾಮಾ ಕಮೆತಾರೊ 1906ರಲ್ಲೇ ತೋರಿಸಿದ್ದರು. ಗಂಟು ರೋಗ ಹಾಗಲ್ಲ, ಅದು ಸೋಂಕು. ತಾಯಿಯ ಮೈಯಿಂದ ಮೊಟ್ಟೆಯೊಳಕ್ಕೆ ರೋಗಾಣುವೇ ಹೋಗಿ ಕೂರುತ್ತದೆ. ಎರಡೂ ತಾಯಿಯಿಂದ ಮಗುವಿಗೆ ಬರುತ್ತವೆ, ಬರುವ ದಾರಿ ಮಾತ್ರ ಬೇರೆ. ಈ ವ್ಯತ್ಯಾಸ ಒಮ್ಮೆ ತಲೆಗೆ ಹೊಕ್ಕಿದ್ದು ಮತ್ತೆ ಹೊರಗೆ ಹೋಗಲಿಲ್ಲ.

ಬಿ.ಎಸ್ಸಿ., ಆಮೇಲೆ ಎಂ.ಎಸ್ಸಿ. ಪಿಯುಸಿವರೆಗೆ ಕಂಪ್ಯೂಟರ್ ಮುಟ್ಟಿರಲಿಲ್ಲ. ಕಪ್ಪು ಪರದೆಯಲ್ಲಿ ಟೈಪ್ ಮಾಡಿ ಕೆಲಸ ಮಾಡಿಸುವುದನ್ನು ಕಲಿಯಲು ಒಂದು ವರ್ಷ ಒದ್ದಾಡಿದೆ. ಅದರ ಬಗ್ಗೆ ಹೇಳಲು ಹೆಚ್ಚೇನಿಲ್ಲ, ಎಲ್ಲರೂ ಹಾಗೇ ಕಲಿಯುವುದು.

ಅಷ್ಟರಲ್ಲಿ ಅಕ್ಕನ ಎರಡೂ ಪಾದ ಜೋಲತೊಡಗಿದ್ದವು. ನಡೆಯುವಾಗ ಮೊಣಕಾಲನ್ನು ಮೇಲಕ್ಕೆತ್ತಿ ಪಾದವನ್ನು ಪಟ್ ಎಂದು ಇಡುತ್ತಿದ್ದಳು. ಊರಿನವರು ಕೊಟ್ಟ ಮೊದಲ ಕಾರಣ ನೀರು. ನಮ್ಮ ಕಡೆ ಇದು ಸುಮ್ಮನೆ ಬಂದ ಮಾತಲ್ಲ. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರಿನ ಪಾವಗಡ, ಎಲ್ಲೆಲ್ಲಿ ಕೊಳವೆ ಬಾವಿ ಆಳಕ್ಕಿಳಿಯಿತೋ ಅಲ್ಲೆಲ್ಲ ಫ್ಲೋರೈಡ್ ಮೇಲೆ ಬಂದಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಗತಿಯೇ ಇಲ್ಲದ ಕಡೆ 1.5ರವರೆಗೆ ಸೈರಿಸಬಹುದು ಎನ್ನುವುದು ದೇಶದ ಮಾನದಂಡ. ಅದನ್ನು ಮೀರಿದ ನೀರು ಕುಡಿದು ಹಲ್ಲು ಕಂದು ಗೆರೆ ಕಟ್ಟಿದವರು, ಮೊಣಕಾಲು ಡೊಂಕಾದವರು, ಬೆನ್ನು ಬಗ್ಗಿದವರು ನಮ್ಮ ಸುತ್ತಮುತ್ತ ಎಷ್ಟೋ ಜನ ಇದ್ದಾರೆ. ಆದರೆ ಫ್ಲೋರೈಡ್ ಹಿಡಿಯುವುದು ಹಲ್ಲನ್ನು, ಮೂಳೆಯನ್ನು. ಅಕ್ಕನ ಹಲ್ಲು ಸ್ವಚ್ಛ, ಮೂಳೆ ನೆಟ್ಟಗೆ. ಒಂದೇ ನೀರು ಕುಡಿದ ಬೀದಿಯಲ್ಲಿ ಇನ್ನೊಬ್ಬರಿಗೆ ಈ ನಡಿಗೆ ಇಲ್ಲ.

ಇದನ್ನು ಬರೆಯುವಾಗ ಸಾಗರ ತಾಲ್ಲೂಕಿನ ಹಂದಿಗೋಡು ನೆನಪಾಗುತ್ತದೆ. 1970ರ ದಶಕದಲ್ಲಿ ಅಲ್ಲಿ ಜನರ ಸೊಂಟ, ಮೊಣಕಾಲ ಕೀಲು ಕೆಡುತ್ತಾ ಬಂದಾಗ ಗದ್ದೆಗೆ ಹೊಡೆದ ಕೀಟನಾಶಕದ ಮೇಲೆ, ಗದ್ದೆಯ ಏಡಿ ತಿಂದಿದ್ದರ ಮೇಲೆ ಅನುಮಾನ ಬಿತ್ತು. ಕೊನೆಗೆ ಮನೆತನಗಳ ವಂಶವೃಕ್ಷ ಬರೆದು ನೋಡಿದಾಗ ಅದು ಪೀಳಿಗೆಯಿಂದ ಪೀಳಿಗೆಗೆ ಇಳಿಯುವ ಕಾಯಿಲೆ ಎಂದು ತಿಳಿಯಿತು. ನೀರು, ಮಣ್ಣು, ಊಟ, ವಂಶವಾಹಿ, ಇವುಗಳಲ್ಲಿ ಯಾವುದು ಎಂದು ಬಿಡಿಸುವುದು ಕೂತಲ್ಲಿ ಆಗುವ ಕೆಲಸವಲ್ಲ.

ಊರಿನವರ ಎರಡನೇ ಕಾರಣ ದೊಡ್ಡಮ್ಮನನ್ನು ಒಳಗೊಳಗೇ ತಿಂದುಹಾಕಿತು. ದೊಡ್ಡಮ್ಮ ಮದುವೆಯಾದದ್ದು ತನ್ನ ಸ್ವಂತ ಸೋದರಮಾವನನ್ನು, ಅಂದರೆ ನಮ್ಮ ಅಜ್ಜಿಯ ತಮ್ಮನನ್ನು. ನಮ್ಮ ಕಡೆ ಇದು ಹೊಸದಲ್ಲ, ಅಕ್ಕನ ಮಗಳು ತಮ್ಮನಿಗೆ ಎನ್ನುವುದು ಹುಟ್ಟಿದಾಗಲೇ ಆಡಿಬಿಡುವ ಮಾತು. ಆಸ್ಪತ್ರೆಯಲ್ಲಿ ಎಲ್ಲಿ ಹೋದರೂ ಮೊದಲು ಕೇಳುವುದು "ಸಂಬಂಧದಲ್ಲಿ ಮದುವೆನಾ?" ಎಂದು. ಹೌದು ಎಂದ ಕೂಡಲೇ ಎದುರಿಗಿದ್ದವರ ಮುಖ ಬದಲಾಗುತ್ತದೆ. ಒಬ್ಬರಂತೂ ಅಕ್ಕನ ಎದುರಿಗೇ "ಹಾಗೆ ಮಾಡಿಕೊಂಡರೆ ಹೀಗೇ ಆಗೋದು" ಅಂದರು. ಆವತ್ತು ವಾಪಸ್ ಬರುವಾಗ ದೇವನಹಳ್ಳಿ ಕಡೆಯ ವಿಜಯಪುರ ದಾಟುವವರೆಗೂ ದೊಡ್ಡಮ್ಮ ಬಸ್ಸಿನ ಕಿಟಕಿಯ ಆಚೆ ನೋಡುತ್ತಲೇ ಇದ್ದರು.

2020ರಲ್ಲಿ ಅಕ್ಕನಿಗೆ ಎಕ್ಸೋಮ್ ಪರೀಕ್ಷೆ ಮಾಡಿಸಿದರು. ನಮ್ಮ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಅದರಲ್ಲಿ ಪ್ರೋಟೀನು ಮಾಡಲು ಬೇಕಾದ ಬರಹ ಇರುವುದು ನೂರರಲ್ಲಿ ಒಂದೂವರೆ ಎರಡು ಪಾಲಿನಷ್ಟು ಮಾತ್ರ, ಸುಮಾರು 20,000 ವಂಶವಾಹಿಗಳಲ್ಲಿ ಹರಡಿಕೊಂಡಿದೆ. ಅಷ್ಟನ್ನೇ ಆರಿಸಿ ಓದುವುದು ಎಕ್ಸೋಮ್. ಎರಡು ಬೆಳೆಯ ದುಡ್ಡು ಕೂಡಿಸಿ ಕಟ್ಟಿದರು. ವರದಿ ಬಂತು: ಕಾಯಿಲೆಗೆ ಹೊಂದುವ ಕಾರಣ ಸಿಕ್ಕಿಲ್ಲ. ಅದನ್ನು ದೊಡ್ಡಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ದೇವರ ಫೋಟೋದ ಹಿಂದೆ ಇಟ್ಟರು.

2023ರಲ್ಲಿ ನಾನು ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಹಳೆಯ ದತ್ತಾಂಶವನ್ನೇ ಹೊಸದಾಗಿ ವಿಶ್ಲೇಷಣೆ ಮಾಡಿದರೆ ಮೊದಲು ಸಿಗದ ಉತ್ತರ ಎಷ್ಟೋ ಸಲ ಸಿಗುತ್ತದೆ. ವರ್ಷ ವರ್ಷವೂ ಹೊಸ ವಂಶವಾಹಿಗಳ ವಿಷಯ ತಿಳಿಯುತ್ತಾ ಹೋಗುವುದೇ ಅದಕ್ಕೆ ಕಾರಣ. ನಮ್ಮ ಮೇಡಂ ಹತ್ತಿರ ಹೋಗಿ ವಿಷಯ ಹೇಳಿದೆ. ಅವರು ತಕ್ಷಣ ಒಪ್ಪಲಿಲ್ಲ.

"ಮನೆಯವರ ಡೇಟಾನ ನೀನೊಬ್ಬಳೇ ರಾತ್ರಿ ಕೂತು ನೋಡೋ ಹಾಗಿಲ್ಲ. ಸಿಗಬಾರದ್ದು ಏನೋ ಸಿಕ್ಕರೆ ಯಾರಿಗೆ ಹೇಳ್ತೀಯ? ನೈತಿಕ ಸಮಿತಿಯ ಒಪ್ಪಿಗೆ ಬರಲಿ. ನಿಮ್ಮಕ್ಕ ಕನ್ನಡದಲ್ಲಿ ಓದಿ, ಅರ್ಥ ಮಾಡಿಕೊಂಡು ಸಹಿ ಹಾಕಲಿ. ಆಮೇಲೆ ನೋಡೋಣ."

ಆಗ ಬೇಸರವಾಗಿತ್ತು. ಈಗ ಅವರು ಮಾಡಿದ್ದೇ ಸರಿ ಎನ್ನಿಸುತ್ತದೆ. ಎರಡೂವರೆ ತಿಂಗಳ ಮೇಲೆ ಒಪ್ಪಿಗೆ ಬಂತು. ಕಚ್ಚಾ ದತ್ತಾಂಶ ಕೊಡಿ ಎಂದು ಪತ್ರದ ಮೇಲೆ ಪತ್ರ ಬರೆದ ಮೇಲೆ ಹಾರ್ಡ್ ಡಿಸ್ಕೂ ಬಂತು.

ಫಾಸ್ಟ್‌ಕ್ಯೂ ಎನ್ನುವ ಎರಡು ಕಡತಗಳು. ತೆರೆದರೆ 150 ಅಕ್ಷರದ ತುಂಡುಗಳು, ಕೋಟಿಗಟ್ಟಲೆ, ಎ ಸಿ ಜಿ ಟಿ. ಪ್ರತಿ ತುಂಡಿನ ಕೆಳಗೆ ಯಂತ್ರಕ್ಕೆ ತನ್ನ ಓದಿನ ಮೇಲೆ ಎಷ್ಟು ಭರವಸೆ ಇದೆ ಎನ್ನುವ ಗುರುತು. ಇವನ್ನು ಬಿಡಬ್ಲ್ಯುಎ ಎನ್ನುವ ತಂತ್ರಾಂಶದಿಂದ ಮಾನವ ಜಿನೋಮಿನ ಮಾದರಿ ಪಾಠದ ಮೇಲೆ ಕೂರಿಸಬೇಕು. ಹರಿದ ಪುಸ್ತಕದ ಚೂರುಗಳನ್ನು ಅದೇ ಪುಸ್ತಕದ ಇನ್ನೊಂದು ಪ್ರತಿಯ ಪಕ್ಕ ಇಟ್ಟು ಯಾವ ಚೂರು ಯಾವ ಪುಟದ್ದು ಎಂದು ಹೊಂದಿಸಿದ ಹಾಗೆ. ಆಮೇಲೆ ಜಿಎಟಿಕೆ ಎನ್ನುವ ಇನ್ನೊಂದು ತಂತ್ರಾಂಶ ಮಾದರಿಗೂ ಅಕ್ಕನಿಗೂ ಎಲ್ಲೆಲ್ಲಿ ವ್ಯತ್ಯಾಸ ಎಂದು ಪಟ್ಟಿ ಮಾಡಿಕೊಡುತ್ತದೆ. ಇಪ್ಪತ್ತೆರಡು ಸಾವಿರ ಚಿಲ್ಲರೆ ವ್ಯತ್ಯಾಸ ಬಂತು. ಇಷ್ಟೊಂದು ತಪ್ಪಾ ಎಂದು ಹೆದರಬೇಕಿಲ್ಲ, ಯಾರ ಎಕ್ಸೋಮ್ ತೆಗೆದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಒಬ್ಬರಿಗೂ ಇನ್ನೊಬ್ಬರಿಗೂ ಇರುವ ಸಾಮಾನ್ಯ ವ್ಯತ್ಯಾಸಗಳೇ ಅವು. ಜರಡಿ ಹಿಡಿಯುವುದೇ ನಮ್ಮ ಕೆಲಸ.

ನಾನು ಎರಡು ಜರಡಿ ಹಿಡಿದೆ, ಎರಡೂ ತಪ್ಪು.

ಮೊದಲನೆಯದು ಸಂಬಂಧದ್ದು. ಪ್ರತಿ ವಂಶವಾಹಿಯ ಒಂದು ಪ್ರತಿ ತಂದೆಯಿಂದ, ಒಂದು ತಾಯಿಯಿಂದ ಬರುತ್ತದೆ. ಸೋದರಮಾವನನ್ನು ಮದುವೆಯಾದರೆ ಮಗುವಿನ ಯಾವುದೇ ಜಾಗದಲ್ಲಿ ಎರಡೂ ಪ್ರತಿ ಒಂದೇ ಪೂರ್ವಜರಿಂದ ಬಂದಿರುವ ಸಾಧ್ಯತೆ ಎಂಟರಲ್ಲಿ ಒಂದು. ಅತ್ತೆ ಮಾವನ ಮಕ್ಕಳ ನಡುವೆ ಮದುವೆಯಾದರೆ ಹದಿನಾರರಲ್ಲಿ ಒಂದು. ಒಂದು ಪ್ರತಿ ಕೆಟ್ಟಿದ್ದರೆ ಇನ್ನೊಂದು ಕೆಲಸ ನಡೆಸುವ ಕಾಯಿಲೆಗಳಲ್ಲಿ, ಕೆಟ್ಟ ಪ್ರತಿಯೇ ಎರಡೂ ಕಡೆಯಿಂದ ಬಂದರೆ ತೊಂದರೆ. ಅಕ್ಕನ ದತ್ತಾಂಶದಲ್ಲಿ ಎರಡೂ ಪ್ರತಿ ಒಂದೇ ಆಗಿರುವ ಉದ್ದುದ್ದ ಪಟ್ಟೆಗಳು ಕಣ್ಣಿಗೆ ಕಾಣುತ್ತಿದ್ದವು. ಉತ್ತರ ಅಲ್ಲೇ ಇದೆ ಎಂದು ನನಗೆ ಗಟ್ಟಿ ನಂಬಿಕೆ. ಆ ಆಸ್ಪತ್ರೆಯಲ್ಲಿ ದೊಡ್ಡಮ್ಮನಿಗೆ ಹಾಗೆ ಅಂದವರ ನಂಬಿಕೆಯನ್ನೇ ನಾನೂ ತಲೆಯಲ್ಲಿಟ್ಟುಕೊಂಡು ಕೂತಿದ್ದೆ, ಗಣಿತದ ಬಟ್ಟೆ ಉಡಿಸಿ. ಮೂರು ವಾರ ಆ ಪಟ್ಟೆಗಳನ್ನೇ ಜಾಲಾಡಿದೆ. ಏನೂ ಇರಲಿಲ್ಲ.

ಎರಡನೆಯದು ಅಪರೂಪದ ಜರಡಿ. ಕಾಯಿಲೆ ಅಪರೂಪವಾದರೆ ಅದನ್ನು ತರುವ ಬದಲಾವಣೆಯೂ ಅಪರೂಪವಾಗಿರಬೇಕು ಎನ್ನುವುದು ಸರಳ ತರ್ಕ. ನೋಮ್ಯಾಡ್ ಎನ್ನುವ ದೊಡ್ಡ ಸಂಗ್ರಹದಲ್ಲಿ ಲಕ್ಷಾಂತರ ಜನರ ಲೆಕ್ಕವಿದೆ. ಅದರ ಯಾವುದೇ ಜನಸಮೂಹದಲ್ಲಿ ಸಾವಿರಕ್ಕೆ ಒಂದಕ್ಕಿಂತ ಹೆಚ್ಚು ಕಂಡದ್ದನ್ನೆಲ್ಲ ತೆಗೆದುಹಾಕು ಎಂದು ಬರೆದೆ. ಎಷ್ಟೋ ಜನ ಬಳಸುವ ಗೆರೆ ಅದು, ನಾನು ಒಂದು ಕ್ಷಣವೂ ಯೋಚಿಸಲಿಲ್ಲ.

ದಾರಿ ತೋರಿಸಿದ್ದು ಕಂಪ್ಯೂಟರ್ ಅಲ್ಲ. ಮೇಡಂಗೆ ಪರಿಚಯದ ನರರೋಗ ತಜ್ಞೆಯೊಬ್ಬರ ಹತ್ತಿರ ಅಕ್ಕನನ್ನು ಕರೆದುಕೊಂಡು ಹೋದೆ. ಅವರು ಹಳೆಯ ಫೈಲು ಪಕ್ಕಕ್ಕಿಟ್ಟು, "ಜ್ವರ ಎದ್ದಾಗ ಹುಳಕ್ಕೆ ಸೊಪ್ಪು ಹೇಗೆ ಹಾಕ್ತೀಯಮ್ಮ, ಮಾಡಿ ತೋರಿಸು" ಎಂದರು. ಅವರ ತವರೂ ಚಿಂತಾಮಣಿ ಕಡೆ. ಅಕ್ಕ ನೆಲದಲ್ಲಿ ಕುಕ್ಕರುಗಾಲಲ್ಲಿ ಕೂತು ಸೊಪ್ಪು ಹರಡುವ ಹಾಗೆ ಕೈಯಾಡಿಸಿ, ಏನನ್ನೂ ಹಿಡಿಯದೆ ಸಲೀಸಾಗಿ ಎದ್ದು ನಿಂತಳು. ಡಾಕ್ಟರ್ ನನ್ನ ಕಡೆ ನೋಡಿದರು. "ಈಗ ಹಿಮ್ಮಡಿ ಮೇಲೆ ನಡಿ." ಅಕ್ಕನಿಗೆ ಮುಂಗಾಲನ್ನು ನೆಲದಿಂದ ಒಂದು ಬೆರಳಿನಷ್ಟೂ ಎತ್ತಲಾಗಲಿಲ್ಲ. ಆಮೇಲೆ ಹತ್ತಿಯ ಎಳೆಯಿಂದ ಪಾದವನ್ನು ಅಲ್ಲಲ್ಲಿ ಮುಟ್ಟಿದರು. ಅಕ್ಕ ಕಣ್ಣು ಮುಚ್ಚಿಕೊಂಡೇ ಪ್ರತಿ ಸಲವೂ ಸರಿಯಾಗಿ ಹೇಳಿದಳು.

ಹಳೆಯ ಚೀಟಿಯಲ್ಲಿ ನರದ ಕಾಯಿಲೆ ಎಂದು ಬರೆದಿತ್ತು. ಎಕ್ಸೋಮ್ ಮಾಡಿದವರೂ ಅದನ್ನೇ ಹಿಡಿದು ನರಕ್ಕೆ ಸಂಬಂಧಿಸಿದ ವಂಶವಾಹಿಗಳಲ್ಲಿ ಹುಡುಕಿದ್ದರು. ನರ ಕೆಟ್ಟಿದ್ದರೆ ಸಾಮಾನ್ಯವಾಗಿ ಸ್ಪರ್ಶವೂ ಮಂಕಾಗುತ್ತದೆ. ಅಕ್ಕ ಬದುವಿನ ಮೇಲೆ ನಿಂತು ಹೇಳಿದ್ದು ಇದನ್ನೇ ಅಲ್ಲವೇ? ಜಾರುವುದು ಗೊತ್ತಾಗುತ್ತೆ, ಹಿಡಿದುಕೊಳ್ಳೋಕೆ ಆಗಲ್ಲ. ಕೆಟ್ಟಿದ್ದು ನರವಲ್ಲ, ಸ್ನಾಯು. ಅದರಲ್ಲೂ ಮೊಣಕಾಲಿನ ಕೆಳಗಿನದು ಸೋತಿದೆ, ತೊಡೆಯ ಮುಂಭಾಗದ ದೊಡ್ಡ ಸ್ನಾಯು ಗಟ್ಟಿಯಾಗಿದೆ. "ತೊಡೆಯನ್ನು ಉಳಿಸಿ ಪಾದವನ್ನು ಕೆಡಿಸೋ ಸ್ನಾಯು ಕಾಯಿಲೆ, ಇಪ್ಪತ್ತರ ವಯಸ್ಸಲ್ಲಿ ಶುರು. ಜಿಎನ್‌ಇ ನೋಡಿದೀಯಾ?" ಎಂದು ಕೇಳಿದರು.

ಈ ಕಾಯಿಲೆಯನ್ನು ಜಪಾನಿನಲ್ಲಿ ನೊನಾಕಾ 1981ರಲ್ಲಿ ವಿವರಿಸಿದ್ದರು. ಇರಾನ್ ಮೂಲದ ಯಹೂದಿಗಳಲ್ಲಿ ಕಂಡ ಇದೇ ಲಕ್ಷಣಗಳನ್ನು 1984ರಲ್ಲಿ ಬೇರೆಯವರು ಬೇರೆ ಹೆಸರಿನಲ್ಲಿ ಬರೆದಿದ್ದರು. 2001ರಲ್ಲಿ ಜಿಎನ್‌ಇ ವಂಶವಾಹಿ ಸಿಕ್ಕ ಮೇಲೆ ಎರಡೂ ಒಂದೇ ಎಂದು ಗೊತ್ತಾಯಿತು. ದೇಹದಲ್ಲಿ ಸಯಾಲಿಕ್ ಆಮ್ಲ ಎನ್ನುವ ಒಂದು ಬಗೆಯ ಸಕ್ಕರೆ ತಯಾರಾಗಲು ಬೇಕಾದ ಕಿಣ್ವದ ಬರಹ ಅದರಲ್ಲಿದೆ.

ಆ ರಾತ್ರಿ ನನ್ನ ಜರಡಿ ದಾಟಿ ಉಳಿದ ಪಟ್ಟಿಯಲ್ಲಿ ಜಿಎನ್‌ಇ ಹುಡುಕಿದೆ. ಇಲ್ಲ. ಸುಮ್ಮನೆ ಎದ್ದು ಹೋಗಬಹುದಿತ್ತು. ಜರಡಿ ಹಿಡಿಯುವ ಮುಂಚಿನ ಪೂರ್ತಿ ಪಟ್ಟಿ ತೆರೆದೆ. ಒಂಬತ್ತನೇ ವರ್ಣತಂತುವಿನಲ್ಲಿ, ಆ ವಂಶವಾಹಿಯೊಳಗೆ, ಎರಡು ಸಾಲುಗಳಿದ್ದವು.

ಮೊದಲನೆಯದನ್ನು, ಓದಿದ ತುಂಡುಗಳನ್ನು ಚಿತ್ರವಾಗಿ ತೋರಿಸುವ ಐಜಿವಿ ಎನ್ನುವ ತಂತ್ರಾಂಶದಲ್ಲಿ ತೆರೆದು ನೋಡಿದೆ. ಬೂದು ಬಣ್ಣದ ತುಂಡುಗಳು ಒಂದರ ಮೇಲೊಂದು, ಹುಳ ಗೂಡು ಕಟ್ಟುವ ಚಂದ್ರಿಕೆಗಳನ್ನು ಪೇರಿಸಿದ ಹಾಗೆ. ಒಂದೇ ಒಂದು ಕಂಬದಲ್ಲಿ ಅರ್ಧಕ್ಕೆ ಸಿ, ಇನ್ನರ್ಧಕ್ಕೆ ಕೆಂಪು ಟಿ. ಎಣಿಸಿದೆ: 57 ಸಿ, 61 ಟಿ. ಯಂತ್ರದ ತಪ್ಪಾದರೆ ಹೀಗೆ ಅರ್ಧರ್ಧ ಬರುವುದಿಲ್ಲ. ಈ ವಂಶವಾಹಿ ಡಿಎನ್‌ಎಯ ಎದುರು ಎಳೆಯಲ್ಲಿ ಇರುವುದರಿಂದ ಕಡತದ ಸಿ ಮತ್ತು ಟಿ ಅಂದರೆ ವಂಶವಾಹಿಯ ಓದಿನಲ್ಲಿ ಜಿ ಮತ್ತು ಎ. ಜಿಟಿಜಿ ಇದ್ದದ್ದು ಎಟಿಜಿ ಆಗಿದೆ. ಪ್ರೋಟೀನಿನ 727ನೇ ಸ್ಥಾನದಲ್ಲಿ ವ್ಯಾಲೀನ್ ಹೋಗಿ ಮೆಥಿಯೋನೀನ್ ಬಂದಿದೆ. ಒಂದು ಅಕ್ಷರ.

ನನ್ನ ಜರಡಿಯಿಂದ ಇದು ಬಿದ್ದುಹೋದದ್ದು ಯಾಕೆ ಎಂದು ನೋಡಿದಾಗ ಕೈಕಾಲು ತಣ್ಣಗಾದವು. ಜಗತ್ತಿನ ಒಟ್ಟು ಲೆಕ್ಕದಲ್ಲಿ ಇದು ಅಪರೂಪ. ದಕ್ಷಿಣ ಏಷ್ಯಾದ ಅಂಕಣದಲ್ಲಿ ಮಾತ್ರ ನಾನು ಎಳೆದ ಗೆರೆಗಿಂತ ಮೇಲಿದೆ. ನಮ್ಮವರಲ್ಲಿ ಹೆಚ್ಚಿದೆ ಎನ್ನುವ ಕಾರಣಕ್ಕೇ, ನಿರಪಾಯ ಎಂದುಕೊಂಡು ಎಸೆದುಬಿಟ್ಟಿದ್ದೆ. ಲೆಕ್ಕ ಹಾಕಿ ನೋಡಿದ್ದರೆ ಹಾಗೆ ಮಾಡುತ್ತಿರಲಿಲ್ಲ. ಇನ್ನೂರು ಜನರಲ್ಲಿ ಒಬ್ಬರು ಇಂಥ ಒಂದು ಪ್ರತಿ ಹೊತ್ತಿದ್ದಾರೆ ಎಂದುಕೊಳ್ಳಿ. ಅಂಥ ಇಬ್ಬರು ಗಂಡ ಹೆಂಡತಿಯಾಗುವುದು 40,000 ಜೋಡಿಗೆ ಒಂದು. ಅವರ ಮಗುವಿಗೆ ಎರಡೂ ಕೆಟ್ಟ ಪ್ರತಿ ಬರುವುದು ನಾಲ್ಕರಲ್ಲಿ ಒಂದು. ಅಲ್ಲಿಗೆ 1,60,000ಕ್ಕೆ ಒಬ್ಬರು. ಹೊತ್ತವರು ಬೇಕಾದಷ್ಟು ಜನ ಇದ್ದೂ ಕಾಯಿಲೆ ಅಪರೂಪವಾಗಿಯೇ ಇರಬಹುದು. ನಾನು ಇಟ್ಟಿದ್ದ ಗೆರೆ ಒಂದೇ ಕೆಟ್ಟ ಪ್ರತಿಯಿಂದ ಬರುವ ಕಾಯಿಲೆಗೆ ಸರಿ. ಇದಕ್ಕಲ್ಲ.

ಇನ್ನೂ ಒಂದು ತೊಡಕಿತ್ತು. 727 ಎಂದು ಹುಡುಕಿದರೆ ಹಳೆಯ ಲೇಖನಗಳು ಸಿಗುತ್ತಲೇ ಇಲ್ಲ. ಮೊದಲು ಇದೇ ಜಾಗವನ್ನು 696 ಎಂದು ಎಣಿಸುತ್ತಿದ್ದರು. ಪ್ರೋಟೀನಿನ ಉದ್ದನೆಯ ರೂಪವನ್ನು ಆಧಾರವಾಗಿ ಹಿಡಿದ ಮೇಲೆ ಎಲ್ಲ ಅಂಕಿಗೂ 31 ಕೂಡಿತು. 696 ಎಂದು ಹುಡುಕಿದ ಕೂಡಲೇ ಸಾಲಾಗಿ ಬಂದವು. ಭಾರತದ ಜಿಎನ್‌ಇ ರೋಗಿಗಳಲ್ಲಿ ಪದೇ ಪದೇ ಕಾಣುವ ಬದಲಾವಣೆ ಇದು, ಯಾವುದೋ ಕಾಲದ ಒಬ್ಬ ಪೂರ್ವಜರಿಂದ ಹರಡಿದ್ದು.

ಇಂಥ ಪೂರ್ವಜ ಬದಲಾವಣೆಗಳ ವಿಷಯವೇ ನನ್ನನ್ನು ಈ ಕ್ಷೇತ್ರದಲ್ಲಿ ಹಿಡಿದಿಟ್ಟಿದೆ. ನಮ್ಮಲ್ಲಿ ಸ್ವಂತ ಸಂಬಂಧದಲ್ಲಿ ಮದುವೆಯಾಗದವರೂ ಜಾತಿಯೊಳಗೇ, ಉಪಜಾತಿಯೊಳಗೇ ನೂರಾರು ವರ್ಷದಿಂದ ಮದುವೆಯಾಗುತ್ತಾ ಬಂದಿದ್ದಾರೆ. 2017ರ ಒಂದು ಅಧ್ಯಯನ ದಕ್ಷಿಣ ಏಷ್ಯಾದ 263 ಸಮುದಾಯಗಳನ್ನು ನೋಡಿತು. ಅವುಗಳಲ್ಲಿ 81 ಸಮುದಾಯಗಳಲ್ಲಿ, ಕಡಿಮೆ ಪೂರ್ವಜರಿಂದ ಬೆಳೆದುಬಂದ ಗುರುತು ಫಿನ್ಲೆಂಡಿನವರಿಗಿಂತ, ಅಶ್ಕೆನಾಜಿ ಯಹೂದಿಗಳಿಗಿಂತ ಗಾಢವಾಗಿತ್ತು. ಆ ಎರಡೂ ಜನರ ವಂಶವಾಹಿ ಕಾಯಿಲೆಗಳ ಬಗ್ಗೆ ದಶಕಗಳಿಂದ ಪುಸ್ತಕಗಳೇ ಇವೆ, ಅಶ್ಕೆನಾಜಿಗಳಲ್ಲಿ ಮದುವೆಗೆ ಮುಂಚೆ ಪರೀಕ್ಷೆಯ ವ್ಯವಸ್ಥೆಯೂ ಇದೆ. ನಮ್ಮಲ್ಲಿ ಈಗಷ್ಟೇ ಶುರುವಾಗಿದೆ. 2019ರಲ್ಲಿ ಇಂಡಿಜೆನ್ ಯೋಜನೆ ಸಾವಿರಕ್ಕೂ ಹೆಚ್ಚು ಭಾರತೀಯರ ಪೂರ್ತಿ ಜಿನೋಮ್ ಓದಿತು. ಜಿನೋಮ್ ಇಂಡಿಯಾದ 10,000 ಜನರ ದತ್ತಾಂಶ ಸಂಶೋಧಕರಿಗೆ ತೆರೆದದ್ದು 2025ರ ಜನವರಿಯಲ್ಲಿ. ನಮ್ಮ ಜನ ಲೆಕ್ಕಕ್ಕೆ ಬಂದಷ್ಟೂ ನನ್ನಂಥವರು ಎಳೆಯುವ ಗೆರೆ ಸರಿಹೋಗುತ್ತದೆ.

ಎರಡನೇ ಸಾಲಿನ ಬದಲಾವಣೆ ಬೇರೆಯದೇ ಜಾಗದ್ದು, ಕಿಣ್ವದ ಇನ್ನೊಂದು ಭಾಗದಲ್ಲಿ. ಯಾವ ಸಂಗ್ರಹದಲ್ಲೂ ಕಾಣಲಿಲ್ಲ. ನಮ್ಮ ಭಾಷೆಯಲ್ಲಿ ಅದಕ್ಕೆ "ಅರ್ಥ ನಿಶ್ಚಯವಾಗದ ಬದಲಾವಣೆ" ಎನ್ನುತ್ತೇವೆ. ಅಮೆರಿಕದ ತಜ್ಞರ 2015ರ ಮಾರ್ಗಸೂಚಿಯಲ್ಲಿ ನಿರಪಾಯ, ಬಹುಶಃ ನಿರಪಾಯ, ಅನಿಶ್ಚಿತ, ಬಹುಶಃ ರೋಗಕಾರಕ, ರೋಗಕಾರಕ ಎಂದು ಐದು ಮೆಟ್ಟಿಲಿವೆ. ಅನಿಶ್ಚಿತದಿಂದ ಮೇಲೆ ಹತ್ತಿಸಲು ಸಾಕ್ಷ್ಯ ಬೇಕು. ಮುಖ್ಯ ಪ್ರಶ್ನೆ ಇದು: ಎರಡೂ ಬದಲಾವಣೆ ಒಂದೇ ಪ್ರತಿಯ ಮೇಲೆ ಕೂತಿವೆಯೋ, ತಂದೆಯಿಂದ ಒಂದು, ತಾಯಿಯಿಂದ ಒಂದು ಬಂದಿದೆಯೋ? ಒಂದೇ ಪ್ರತಿಯಲ್ಲಿದ್ದರೆ ಇನ್ನೊಂದು ಪ್ರತಿ ಚೆನ್ನಾಗಿದೆ ಎಂದರ್ಥ, ಕಾರಣ ಇದಲ್ಲ. ಅಕ್ಕನ ರಕ್ತ ಒಂದರಿಂದಲೇ ಇದು ತಿಳಿಯುವುದಿಲ್ಲ.

ದೊಡ್ಡಪ್ಪ, ದೊಡ್ಡಮ್ಮ ರಕ್ತ ಕೊಟ್ಟರು. ಅಜ್ಜಿ ತಾನೂ ಕೊಡುತ್ತೇನೆ ಎಂದು ಹಟ ಹಿಡಿದರು. ಎಂಬತ್ತೆರಡು ವರ್ಷದ ಕೈ, ರಕ್ತನಾಳ ಸಿಗದೆ ಎರಡು ಸಲ ಚುಚ್ಚಬೇಕಾಯಿತು, ಅಜ್ಜಿ ತುಟಿ ಪಿಟಕ್ ಎನ್ನಲಿಲ್ಲ. "ನನ್ನಿಂದ ಬಂದಿದ್ರೆ ನನಗೇ ಗೊತ್ತಾಗಲಿ" ಎಂದರು. ತಾತ ತೀರಿಕೊಂಡು ಹದಿನೈದು ವರ್ಷವಾಗಿತ್ತು.

ಈ ಸಲ ಸ್ಯಾಂಗರ್ ವಿಧಾನದಿಂದ, 1977ರಿಂದ ಬಳಕೆಯಲ್ಲಿರುವ ಹಳೆಯ ನಂಬಿಕಸ್ತ ವಿಧಾನದಿಂದ, ಆ ಎರಡು ಜಾಗಗಳನ್ನಷ್ಟೇ ಓದಿಸಿದೆವು. ಅಲೆ ಅಲೆಯಾದ ಗೆರೆ ಬರುತ್ತದೆ, ಒಂದು ಅಕ್ಷರಕ್ಕೆ ಒಂದು ಬಣ್ಣದ ಶಿಖರ. ದೊಡ್ಡಮ್ಮನಲ್ಲಿ 727ರ ಜಾಗದಲ್ಲಿ ಎರಡು ಬಣ್ಣದ ಶಿಖರ ಒಂದರೊಳಗೊಂದು. ದೊಡ್ಡಪ್ಪನಲ್ಲಿ ಅಲ್ಲಿ ಒಂದೇ. ಅವರಲ್ಲಿ ಇದ್ದದ್ದು ಎರಡನೇ ಬದಲಾವಣೆ. ಅಂದರೆ ಅಕ್ಕನಿಗೆ ಒಂದೊಂದು ಒಬ್ಬೊಬ್ಬರಿಂದ ಬಂದಿದೆ. ಇದನ್ನೂ ಲಕ್ಷಣಗಳನ್ನೂ ಉಳಿದ ಸಾಕ್ಷ್ಯಗಳನ್ನೂ ಸೇರಿಸಿ ಎರಡನೆಯದನ್ನು "ಬಹುಶಃ ರೋಗಕಾರಕ" ಎನ್ನುವ ಮೆಟ್ಟಿಲಿಗೆ ಹತ್ತಿಸಲಾಯಿತು. ಅಜ್ಜಿಯ ಹಾಳೆ ಕೊನೆಯಲ್ಲಿ ನೋಡಿದೆ. 727ರಲ್ಲಿ ಒಂದೇ ಶಿಖರ. ದೊಡ್ಡಮ್ಮನಿಗೆ ಅದು ಬಂದದ್ದು ಅಜ್ಜಿಯಿಂದಲ್ಲ, ತಾತನಿಂದ. ತಾತ ಗೌರಿಬಿದನೂರು ಕಡೆಯವರು, ಅಜ್ಜಿಯ ಮನೆಗೆ ರಕ್ತಸಂಬಂಧವೇ ಇಲ್ಲದವರು.

ಆ ಹಾಳೆ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದೆ.

ಮನೆಯವರಿಗೆ ತಿಳಿಸಿದ್ದು ಆಪ್ತ ಸಮಾಲೋಚಕಿ, ಆಸ್ಪತ್ರೆಯ ಕೋಣೆಯಲ್ಲಿ, ಸಾವಧಾನವಾಗಿ. ನಾನು ಪಕ್ಕದಲ್ಲಿ ಕೂತಿದ್ದೆ ಅಷ್ಟೆ. ಆದರೆ ಕೇಳಬೇಕಾದ್ದನ್ನು ದೊಡ್ಡಮ್ಮ ಅಲ್ಲಿ ಕೇಳಲಿಲ್ಲ. ಊರಿಗೆ ಬಂದು, ರಾತ್ರಿ ಊಟವಾದ ಮೇಲೆ, ಜಗಲಿಯಲ್ಲಿ ನಾನೊಬ್ಬಳೇ ಇದ್ದಾಗ ಕೇಳಿದರು.

"ನಾನು ಮಾವನ್ನ ಮಾಡ್ಕೊಂಡಿದ್ದಕ್ಕಲ್ವಾ?"

"ಅದಕ್ಕಲ್ಲ ದೊಡ್ಡಮ್ಮ. ನಿಮ್ಮಲ್ಲಿರೋದು ತಾತನ ಕಡೇದು. ದೊಡ್ಡಪ್ಪನಲ್ಲಿರೋದು ಬೇರೆ. ಎರಡೂ ಒಂದೇ ಕಡೆಯಿಂದ ಬಂದಿದ್ದಲ್ಲ."

"ಬರೆದುಕೊಡ್ತೀಯಾ?"

ಬರೆದುಕೊಟ್ಟೆ, ನೋಟ್ ಪುಸ್ತಕದ ಹಾಳೆಯಲ್ಲಿ, ವಂಶವೃಕ್ಷ ಬಿಡಿಸಿ. ತಾತನಿಂದ ದೊಡ್ಡಮ್ಮನಿಗೆ ಕೆಂಪು ಗೆರೆ, ದೊಡ್ಡಪ್ಪನಿಂದ ನೀಲಿ ಗೆರೆ, ಅಕ್ಕನಲ್ಲಿ ಎರಡೂ ಕೂಡುವುದು. ದೊಡ್ಡಮ್ಮ ಓದಿದ್ದು ಐದನೇ ಕ್ಲಾಸು. ಕೆಂಪು ಗೆರೆಯ ಮೇಲೆ ಬೆರಳಿಟ್ಟು ಎರಡು ಸಲ ಮೇಲಿಂದ ಕೆಳಕ್ಕೆ ಎಳೆದರು. ಸಂಬಂಧದ ಮದುವೆಯಲ್ಲಿ ಅಪಾಯವೇ ಇಲ್ಲ ಎಂದು ನಾನು ಹೇಳಲಿಲ್ಲ, ಹೇಳುವುದೂ ಇಲ್ಲ. ಎಂಟರಲ್ಲಿ ಒಂದು ಎನ್ನುವುದು ಸಣ್ಣ ಮಾತಲ್ಲ, ಬೇರೆ ಎಷ್ಟೋ ಮನೆಗಳಲ್ಲಿ ಕಾರಣ ಅದೇ ಆಗಿರುತ್ತದೆ. ಈ ಮನೆಯಲ್ಲಿ ಆಗಿರಲಿಲ್ಲ. ಅದನ್ನು ಗೊತ್ತುಮಾಡಿಕೊಳ್ಳದೆಯೇ ಒಬ್ಬ ತಾಯಿಯ ಮುಖಕ್ಕೆ ಹಾಗೆ ಅಂದುಬಿಟ್ಟಿದ್ದರಲ್ಲ, ಅದು ಈಗಲೂ ನನಗೆ ಸಹಿಸಲಾಗುವುದಿಲ್ಲ.

ತಾತನದು ಎಂದ ಮೇಲೆ ನನ್ನಮ್ಮನಿಗೂ ಬಂದಿರುವ ಸಾಧ್ಯತೆ ಅರ್ಧ, ನನಗೆ ಕಾಲು ಪಾಲು. ಸಮಾಲೋಚನೆ ಮುಗಿಸಿ ನಾನೂ ರಕ್ತ ಕೊಟ್ಟೆ. ನನ್ನಲ್ಲಿ ಇದೆ. ಒಂದೇ ಪ್ರತಿ, ತೊಂದರೆಯೇನಿಲ್ಲ. ಆದರೂ ಐಜಿವಿಯಲ್ಲಿ ದಿನಾ ನೋಡುವ ಆ ಟಿ ನನ್ನೊಳಗೂ ಇದೆ ಎನ್ನುವುದು ಒಂದು ವಿಚಿತ್ರ ಆಪ್ತತೆ ತಂದಿದೆ. ತಾತನ ಫೋಟೋ ಕಂಡಾಗ ಅದೇ ನೆನಪಾಗುತ್ತದೆ.

ಅಕ್ಕನಿಗೆ ಕಾಯಿಲೆಯ ಹೆಸರು ಸಿಕ್ಕಿತು, ಮದ್ದು ಸಿಗಲಿಲ್ಲ. ಸಯಾಲಿಕ್ ಆಮ್ಲವನ್ನೇ ಮಾತ್ರೆಯಾಗಿ ಕೊಡುವ ದೊಡ್ಡ ಪ್ರಯೋಗ 2017ರಲ್ಲಿ ಗುಣ ತೋರಿಸಲಿಲ್ಲ. ಆದರೂ ಜಪಾನಿನಲ್ಲಿ 2024ರಲ್ಲಿ ಆ ಔಷಧಿಗೆ ಅನುಮತಿ ಸಿಕ್ಕಿದೆ. ಇಲ್ಲಿ ಅವಳಿಗೆ ದಕ್ಕಿದ್ದು ಪಾದ ಜೋಲದಂತೆ ಹಿಡಿಯುವ ಪ್ಲಾಸ್ಟಿಕ್ ಆಸರೆ. ಅದನ್ನು ಹಾಕಿಕೊಂಡು, ಮೇಲೆ ಹಿಂದೆ ಪಟ್ಟಿಯಿರುವ ಗಂಡಸರ ಸ್ಯಾಂಡಲ್ ಹಾಕಿ, ಹುಳದ ಮನೆಯೊಳಗೆ ಓಡಾಡುತ್ತಾಳೆ. ಬದುವಿನ ಮೇಲೆ ಹೊರೆ ಹೊರುವುದನ್ನು ಬಿಟ್ಟಿದ್ದಾಳೆ. ನರಕ್ಕೆಂದು ನುಂಗುತ್ತಿದ್ದ ಮಾತ್ರೆಗಳನ್ನು ನಿಲ್ಲಿಸಿದ್ದಾರೆ.

ಉಳಿದವನು ಅವಳ ತಮ್ಮ. ಇಪ್ಪತ್ತನಾಲ್ಕು ವರ್ಷ. ಅಕ್ಕನಿಗೆ ಬಂದ ಹಾಗೇ ಅವನಿಗೂ ಬಂದಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಸಮಾಲೋಚಕಿ ಅವನಿಗೆ ಎಲ್ಲವನ್ನೂ ಹೇಳಿ, ತಿಳಿಯುವ ಹಕ್ಕಿದೆ, ತಿಳಿಯದಿರುವ ಹಕ್ಕೂ ಇದೆ, ಆತುರವಿಲ್ಲ ಎಂದಿದ್ದರು. ಬಸ್ಸಿನಲ್ಲಿ ಅವನು ನನ್ನನ್ನು ಕೇಳಿದ: "ಇದೆ ಅಂತ ಗೊತ್ತಾದ್ರೆ ಏನು ಮಾಡ್ಬಹುದಕ್ಕ?" ನನ್ನ ಹತ್ತಿರ ಒಳ್ಳೆಯ ಉತ್ತರವಿರಲಿಲ್ಲ. ಮದುವೆ, ಕೆಲಸ ಯೋಚಿಸಿಕೊಳ್ಳಬಹುದು, ಮುಂದೆ ಔಷಧಿಯ ಪ್ರಯೋಗ ಬಂದರೆ ಹೆಸರು ಕೊಡಬಹುದು ಎಂದೆ. ಅವನು ತಲೆಯಾಡಿಸಿದ. ಆಮೇಲೆ ಆ ಮಾತು ತೆಗೆದಿಲ್ಲ. ನಾನೂ ತೆಗೆದಿಲ್ಲ.

ಹೋದ ತಿಂಗಳು ಊರಿಗೆ ಹೋಗಿದ್ದೆ. ಹುಳ ಹಣ್ಣಾಗಿ ಗೂಡು ಕಟ್ಟುತ್ತಿದ್ದವು. ಅಕ್ಕನಿಗೆ ಕಾಫಿ ಕೊಡಲೆಂದು ಹುಳದ ಮನೆ ಬಾಗಿಲಿಗೆ ಹೋದೆ. ಅವಳು ಇರಲಿಲ್ಲ. ಒಳಗೆ, ಚಂದ್ರಿಕೆಗಳ ಸಾಲಿನ ನಡುವಿನ ಇಕ್ಕಟ್ಟು ದಾರಿಯಲ್ಲಿ, ತಮ್ಮ ಬೆನ್ನು ಮಾಡಿ ನಡೆಯುತ್ತಿದ್ದ. ಎರಡೂ ಕೈಯನ್ನು ಸ್ವಲ್ಪ ಅಗಲಿಸಿ, ಮುಂಗಾಲು ಎತ್ತಿ, ಹಿಮ್ಮಡಿ ಮೇಲೆ. ಆ ತುದಿಗೆ ಹೋಗಿ ಗೋಡೆ ಮುಟ್ಟಿ ಒಂದು ಗಳಿಗೆ ನಿಂತ. ಅವನು ಈ ಕಡೆ ತಿರುಗುವ ಮುಂಚೆ ನಾನು ಕಾಫಿ ಲೋಟವನ್ನು ಹೊಸಿಲ ಪಕ್ಕ ಇಟ್ಟು, ಸದ್ದಾಗದ ಹಾಗೆ ಅಂಗಳಕ್ಕೆ ಇಳಿದೆ.